ಕೆಲ್ಟಿಕ್ ನಾಡುಗಳ ಅಲೌಕಿಕ ನಂಬಿಕೆಗಳು: ಸಾಕ್ಷ್ಯವಿಚಾರದ ಒಂದು ವಿಮರ್ಶೆ

ಜನಪದರ ಅಲೌಕಿಕ ನಂಬಿಕೆಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸಬಹುದೆ, ಪರಿಗಣಿಸುವುದಾದರೆ ಅವುಗಳ ಪ್ರಾಮಾಣ್ಯವನ್ನು ಯಾವ ಒರೆಗಲ್ಲಿಗೆ ಹಚ್ಚಿ ನಿರ್ಣಯಿಸಬೇಕು ಎಂಬ ಪ್ರಶ್ನೆ ಹೊಸದೇನೂ ಅಲ್ಲ. ಆದರೆ ಶಾಸನ, ನಾಣ್ಯ, ದಫ್ತರಗಳ ವಿಷಯದಲ್ಲಿ ಅನುಸರಿಸುವ ಕಟ್ಟುನಿಟ್ಟಿನ ವಿಧಾನವನ್ನು ಬಾಯಿಮಾತಿನ ಸಾಕ್ಷ್ಯ ಎದುರಾದೊಡನೆ ಸಡಿಲಿಸಿಬಿಡುವುದು ಅನೇಕ ವಿದ್ವಾಂಸರಲ್ಲಿ ಕಂಡುಬರುವ ದೌರ್ಬಲ್ಯವಾಗಿದೆ. ಕೆಲವರು ಅಂತಹ ಸಾಕ್ಷ್ಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುತ್ತಾರೆ. ಮತ್ತೆ ಕೆಲವರು ಪುರಾತನ ಜ್ಞಾನದ ಅವಶೇಷವೆಂದು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ಇಬ್ಬರೂ ಹೇಳಿದವನ ಮಾತನ್ನು ಪೂರ್ತಿಯಾಗಿ ಕೇಳಿರುವುದಿಲ್ಲ.

ಈ ದೌರ್ಬಲ್ಯದ ಸ್ವರೂಪವನ್ನು ಪರೀಕ್ಷಿಸಲು ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಬ್ರಿಟನಿ ಮೊದಲಾದ ನಾಡುಗಳ ನಂಬಿಕೆಗಳ ಅಧ್ಯಯನಕ್ಕಿಂತ ತಕ್ಕ ಕ್ಷೇತ್ರ ದೊರೆಯಲಾರದು. ಮುನ್ನೂರು ವರ್ಷಗಳಿಗೂ ಮಿಕ್ಕಿ ಅಲ್ಲಿ ಸಂಗ್ರಹಕಾರ್ಯ ನಡೆದಿದೆ. ಈ ಲೇಖನದಲ್ಲಿ ನಾವು ಮುಖ್ಯವಾಗಿ ವಾಲ್ಟರ್ ಇವಾನ್ಸ್-ವೆಂಟ್ಸ್ ಅವರು ೧೯೧೧ರಲ್ಲಿ ಪ್ರಕಟಿಸಿದ ‘ದಿ ಫೇರಿ-ಫೇತ್ ಇನ್ ಕೆಲ್ಟಿಕ್ ಕಂಟ್ರೀಸ್’ ಎಂಬ ಗ್ರಂಥವನ್ನು ಆಧಾರವಾಗಿಟ್ಟುಕೊಂಡು, ಅದರ ಹಿಂದುಮುಂದಿನ ಕೆಲವು ಪ್ರಯತ್ನಗಳನ್ನು ಜೊತೆಗಿರಿಸಿ, ಇಂತಹ ಅಧ್ಯಯನದಲ್ಲಿ ಸಾಕ್ಷ್ಯವನ್ನು ಹೇಗೆ ಓದಬೇಕೆಂಬುದನ್ನು ವಿಚಾರಿಸಲಿದ್ದೇವೆ. ಸ್ನಾತಕೋತ್ತರ ತರಗತಿಯಲ್ಲಿ ಐತಿಹಾಸಿಕ ವಿಧಾನವನ್ನು ಬೋಧಿಸುವಾಗ ಈ ಗ್ರಂಥವನ್ನು ನಾವೂ ಬಹುಕಾಲ ಮೌಖಿಕ ಸಾಕ್ಷ್ಯಸಂಗ್ರಹದ ಮಾದರಿಯೆಂದೇ ಉದಾಹರಿಸುತ್ತಿದ್ದೆವು. ಆ ಅಭಿಪ್ರಾಯವನ್ನು ಈಗ ತಿದ್ದಿಕೊಳ್ಳಬೇಕಾಗಿ ಬಂದಿದೆಯೆಂದು ಮೊದಲಿಗೇ ಹೇಳಿಬಿಡುವುದು ನ್ಯಾಯ.

೧

ಮೊದಲು ಎರಡು ಪದಗಳ ವಿಚಾರ. ‘ಕೆಲ್ಟಿಕ್’ ಎಂಬ ವಿಶೇಷಣ ಕೇಳುವವರ ಮನಸ್ಸಿನಲ್ಲಿ ಒಂದು ಜನಾಂಗದ, ಒಂದು ಅಖಂಡ ಸಂಸ್ಕೃತಿಯ ಚಿತ್ರವನ್ನು ಮೂಡಿಸುತ್ತದೆ. ವಾಸ್ತವದಲ್ಲಿ ಅದು ಭಾಷಾವರ್ಗವೊಂದರ ಹೆಸರು. ೧೭೦೭ರಲ್ಲಿ ಎಡ್ವರ್ಡ್ ಲೂಯ್ಡ್ ಅವರು ತಮ್ಮ ‘ಆರ್ಕಿಯೊಲೋಜಿಯ ಬ್ರಿಟಾನಿಕ’ ಗ್ರಂಥದಲ್ಲಿ ಐರಿಷ್, ವೆಲ್ಷ್, ಕಾರ್ನಿಷ್, ಬ್ರೆಟನ್ ಭಾಷೆಗಳ ಬಾಂಧವ್ಯವನ್ನು ವಿಸ್ತಾರವಾಗಿ ತೋರಿಸಿಕೊಟ್ಟರು. ಭಾಷಾಶಾಸ್ತ್ರದ ಈ ನಿರ್ಣಯ ಮುಂದಿನ ಶತಮಾನದಲ್ಲಿ ಜನಾಂಗದ ಸ್ವಭಾವವರ್ಣನೆಯಾಗಿ ಪರಿಣಮಿಸಿತು. ೧೮೫೪ರಲ್ಲಿ ಅರ್ನೆಸ್ಟ್ ರೆನಾನ್, ೧೮೬೭ರಲ್ಲಿ ಮ್ಯಾಥ್ಯೂ ಆರ್ನಲ್ಡ್ ಇವರು ಕೆಲ್ಟರನ್ನು ಭಾವಜೀವಿಗಳು, ಅದೃಶ್ಯಲೋಕಕ್ಕೆ ಸಮೀಪವಿರುವವರು ಎಂಬಂತೆ ಚಿತ್ರಿಸಿದರು. ಈ ಹೊಗಳಿಕೆಯ ಒಳಗೆ ಒಂದು ಕುತ್ತು ಅಡಗಿದೆ. ಭಾವುಕರೆಂದು ಹೊಗಳಿಸಿಕೊಂಡವರು ವ್ಯವಹಾರಕ್ಕೆ ಅನರ್ಹರೆನಿಸಿಕೊಳ್ಳಲು ಬಹಳ ಕಾಲ ಬೇಕಾಗುವುದಿಲ್ಲ. ೧೯೯೯ರಲ್ಲಿ ಸೈಮನ್ ಜೇಮ್ಸ್ ಎಂಬ ಪುರಾತತ್ತ್ವಜ್ಞರು ಬ್ರಿಟಿಷ್ ದ್ವೀಪಗಳ ಪ್ರಾಚೀನರಿಗೆ ‘ಕೆಲ್ಟ’ರೆಂಬ ಸಮಾನ ಅಭಿಧಾನವೇ ೧೭೦೦ರ ಈಚಿನದೆಂದು ವಾದಿಸಿದ ಮೇಲೆ ಈ ಪದವನ್ನು ಎಚ್ಚರದಿಂದ ಬಳಸುವುದು ಅನಿವಾರ್ಯವಾಗಿದೆ. ನಾವು ಇದನ್ನು ಭಾಷಾಸಮೂಹದ ಅರ್ಥದಲ್ಲಿ ಮಾತ್ರ ಬಳಸುತ್ತೇವೆ.

ಎರಡನೆಯದು ‘ಫೇರಿ’ ಎಂಬ ಪದ. ಕನ್ನಡದಲ್ಲಿ ಇದಕ್ಕೆ ‘ಕಿನ್ನರಿ’ ಎಂಬ ಪ್ರತಿಪದ ರೂಢಿಗೆ ಬಂದಿದೆ. ಆದರೆ ಕಿನ್ನರಿಯೆಂದೊಡನೆ ರೆಕ್ಕೆಗಳುಳ್ಳ ಒಂದು ಪುಟ್ಟ ಸುಂದರ ಆಕೃತಿ ಕಣ್ಣಮುಂದೆ ಬರುವುದಷ್ಟೆ. ಆ ಆಕೃತಿ ಇಂಗ್ಲಿಷ್ ಕಾವ್ಯ, ಚಿತ್ರಕಲೆ, ರಂಗಭೂಮಿಗಳ ಕೊಡುಗೆ. ಐರ್ಲೆಂಡಿನ ರೈತನ ಮಾತಿನಲ್ಲಿ ಬರುವವರು ಬೇರೆಯೇ. ಅವರ ಭಾಷೆಯಲ್ಲಿ ‘ಶೀ’ ಎಂದರೆ ಮೂಲತಃ ದಿಬ್ಬ. ಅಲ್ಲಿ ವಾಸಿಸುವವರು ದಿಬ್ಬದ ಜನ. ಅವರು ಬಹುಮಟ್ಟಿಗೆ ಮನುಷ್ಯರಂತೆಯೇ ಇರುವವರು. ದನ ಸಾಕುತ್ತಾರೆ, ಚೆಂಡಾಟವಾಡುತ್ತಾರೆ, ತಮ್ಮತಮ್ಮಲ್ಲೇ ಜಗಳವಾಡುತ್ತಾರೆ, ಕೂಸುಗಳನ್ನೂ ಬಾಣಂತಿಯರನ್ನೂ ಕದ್ದೊಯ್ಯುತ್ತಾರೆ. ಅವರ ಹೆಸರನ್ನು ನೇರವಾಗಿ ಉಚ್ಚರಿಸಬಾರದಾದ್ದರಿಂದ ‘ಒಳ್ಳೆಯ ಜನ’ ಎಂದು ಕರೆಯುವುದು ವಾಡಿಕೆ. ವೇಲ್ಸಿನಲ್ಲಿ ಇವರ ಸದೃಶರು ‘ಚೆಲುವ ಕುಟುಂಬ’. ಮ್ಯಾನ್ ದ್ವೀಪದಲ್ಲಿ ‘ಪುಟ್ಟ ಜನ’. ಭಯವನ್ನು ಮರ್ಯಾದೆಯ ಮಾತಿನಿಂದ ಮುಚ್ಚಿದ ಹೆಸರುಗಳೇ ಇವುಗಳಲ್ಲಿ ಹೆಚ್ಚಿನವು. ಆದುದರಿಂದ ಈ ಲೇಖನದಲ್ಲಿ ‘ದಿಬ್ಬದ ಜನ’ ಎಂಬ ಮಾತನ್ನೇ ಬಳಸಲಾಗಿದೆ.

೨

ಇವಾನ್ಸ್-ವೆಂಟ್ಸ್ ಅವರು ೧೮೭೮ರಲ್ಲಿ ಅಮೆರಿಕದ ನ್ಯೂ ಜರ್ಸಿಯಲ್ಲಿ ಜನಿಸಿ, ಸ್ಟ್ಯಾನ್‌ಫರ್ಡಿನಲ್ಲಿ ಓದಿ, ಆಕ್ಸ್‌ಫರ್ಡ್ ಮತ್ತು ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಸಿದವರು. ತಮ್ಮ ಗ್ರಂಥಕ್ಕಾಗಿ ಅವರು ಐರ್ಲೆಂಡ್, ಸ್ಕಾಟ್ಲೆಂಡಿನ ಗೇಲಿಕ್ ಪ್ರದೇಶಗಳು, ಮ್ಯಾನ್ ದ್ವೀಪ, ವೇಲ್ಸ್, ಕಾರ್ನ್‌ವಾಲ್, ಬ್ರಿಟನಿ ಎಂಬ ಆರು ನಾಡುಗಳಲ್ಲಿ ಸಂಚರಿಸಿದರು. ಪ್ರತಿಯೊಂದು ನಾಡಿನ ಸಾಕ್ಷ್ಯಕ್ಕೂ ಆ ನಾಡಿನ ಒಬ್ಬ ಪರಿಣತರಿಂದ ಪೀಠಿಕೆ ಬರೆಯಿಸಿದರು. ಐರ್ಲೆಂಡಿಗೆ ಡಗ್ಲಸ್ ಹೈಡ್, ಸ್ಕಾಟ್ಲೆಂಡಿಗೆ ಅಲೆಗ್ಸಾಂಡರ್ ಕಾರ್ಮೈಕೇಲ್, ಮ್ಯಾನ್ ದ್ವೀಪಕ್ಕೆ ಸೋಫಿಯ ಮಾರಿಸನ್, ವೇಲ್ಸಿಗೆ ಜಾನ್ ರೀಸ್, ಕಾರ್ನ್‌ವಾಲಿಗೆ ಹೆನ್ರಿ ಜೆನ್ನರ್, ಬ್ರಿಟನಿಗೆ ಅನಾತೋಲ್ ಲ ಬ್ರಾಜ್ ಹೀಗೆ ಆ ಕಾಲದ ಆರು ಮಂದಿ ಗಣ್ಯರು ಒಂದೇ ಗ್ರಂಥದಲ್ಲಿ ಕೂಡಿದ್ದಾರೆ.

ಗ್ರಂಥದ ಗುಣಗಳನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಅಂದಿನ ಅನೇಕ ಪಂಡಿತರು ಪುಸ್ತಕಭಂಡಾರದಲ್ಲಿ ಕುಳಿತು ದಿಬ್ಬದ ಜನರ ಮೂಲವನ್ನು ಊಹಿಸುತ್ತಿದ್ದರು. ಡೇವಿಡ್ ಮ್ಯಾಕ್‌ರಿಚಿ ಅವರು ೧೮೯೦ರಲ್ಲಿ, ಇವರು ಒಂದು ಕಾಲದಲ್ಲಿ ನಿಜವಾಗಿ ಬದುಕಿದ್ದ ಕುಳ್ಳ ಜನಾಂಗದ ನೆನಪೆಂದು ವಾದಿಸಿದ್ದರು. ಇನ್ನು ಕೆಲವರಿಗೆ ಇವರು ಕುಂದಿದ ಪ್ರಾಚೀನ ದೇವತೆಗಳು. ಮತ್ತೆ ಕೆಲವರಿಗೆ ಬೆಟ್ಟ, ಮಂಜು, ಕಡಲುಗಳು ಮನಸ್ಸಿನಲ್ಲಿ ಹುಟ್ಟಿಸಿದ ಭ್ರಮೆ. ಇವರೆಲ್ಲರ ನಡುವೆ ಇವಾನ್ಸ್-ವೆಂಟ್ಸ್ ಅವರು ಊರೂರು ಅಲೆದು ಬದುಕಿರುವ ಜನರನ್ನು ಕಂಡು, ಬಹಳ ಕಡೆ ಅವರ ಹೆಸರು, ಊರು, ವೃತ್ತಿಗಳನ್ನು ಗುರುತಿಸಿ, ಅವರು ಹೇಳಿದ್ದನ್ನು ಅಚ್ಚಿಗೆ ಕೊಟ್ಟರು. ಗ್ರಾಮೀಣ ಸಾಕ್ಷಿಯನ್ನು ಅವರು ಎಲ್ಲಿಯೂ ಹೀಯಾಳಿಸಲಿಲ್ಲ. ಇದು ಅಂದಿಗೆ ಸಣ್ಣ ಸಂಗತಿಯಲ್ಲ. ಇಂದಿಗೂ ಈ ಗ್ರಂಥ ಓದಿಸಿಕೊಳ್ಳುವುದು ಆ ಮೊದಲ ಭಾಗದ ಬಲದಿಂದಲೇ.

ಆದರೆ ಆ ಭಾಗದ ಒಂದು ಅಧ್ಯಾಯಕ್ಕೆ ಗ್ರಂಥಕರ್ತರು ‘ಸಾಕ್ಷ್ಯಸ್ವೀಕಾರ’ವೆಂಬ ಅರ್ಥದ ಶೀರ್ಷಿಕೆಯನ್ನಿತ್ತಿದ್ದಾರೆ. ನ್ಯಾಯಾಲಯದ ಪರಿಭಾಷೆಯನ್ನು ತಾವಾಗಿ ಆಯ್ದುಕೊಂಡವರು ನ್ಯಾಯಾಲಯದ ನಿಯಮಗಳಿಗೂ ಒಳಪಡಬೇಕು. ಆ ದೃಷ್ಟಿಯಿಂದ ನೋಡಿದಾಗ ಮೂರು ಲೋಪಗಳು ಎದ್ದು ಕಾಣುತ್ತವೆ.

ಮೊದಲನೆಯದು ಭಾಷೆಯ ಲೋಪ. ಐರಿಷ್, ಗೇಲಿಕ್, ಬ್ರೆಟನ್ ಮಾತನಾಡುವವರ ಹೇಳಿಕೆಗಳು ಅನೇಕ ಕಡೆ ದುಭಾಷಿಗಳ ಮೂಲಕ ಅವರಿಗೆ ದೊರೆತು, ಇಂಗ್ಲಿಷಿನಲ್ಲಿ ಅಚ್ಚಾದವು. ‘ಶೀ’ ಎಂಬ ಮಾತು, ‘ಒಳ್ಳೆಯ ಜನ’ ಎಂಬ ಮಾತು, ಸತ್ತವರನ್ನು ಸೂಚಿಸುವ ಮಾತು ಇವೆಲ್ಲ ‘ಫೇರಿ’ ಎಂಬ ಒಂದೇ ಅಚ್ಚಿಗೆ ಬಿದ್ದಾಗ, ಹೇಳಿದವನು ಎಲ್ಲಿ ನಂಬಿ ಹೇಳಿದ, ಎಲ್ಲಿ ನಗೆಯಾಡಿದ, ಎಲ್ಲಿ ಇತರರ ಮಾತನ್ನು ವರದಿ ಮಾಡಿದ ಎಂಬ ಭೇದಗಳು ಅಳಿಸಿಹೋಗುತ್ತವೆ. ಆರು ನಾಡುಗಳ ನಂಬಿಕೆ ಒಂದೇ ಎಂಬ ಅವರ ನಿರ್ಣಯಕ್ಕೆ ಈ ಅನುವಾದದ ಸಮರೂಪತೆಯೂ ಒಂದು ಕಾರಣವಾಗಿರಬೇಕು. ಬ್ರಿಟನಿಯ ವಿಷಯದಲ್ಲಿ ಇದು ಸ್ಪಷ್ಟ. ಅಲ್ಲಿಯ ಜನರ ಕಲ್ಪನೆಯನ್ನು ತುಂಬಿಕೊಂಡಿರುವವರು ಮೃತರು; ಮೃತ್ಯುವಿನ ದೂತನಾದ ‘ಆಂಕೂ’ ಅವರ ಕಥೆಗಳ ಪ್ರಧಾನ ಪಾತ್ರ. ಲ ಬ್ರಾಜ್ ಅವರು ೧೮೯೩ರಲ್ಲಿ ತಮ್ಮ ಬ್ರೆಟನ್ ಸಂಗ್ರಹಕ್ಕೆ ಮೃತ್ಯುವಿನ ಐತಿಹ್ಯವೆಂದೇ ಹೆಸರಿಟ್ಟಿದ್ದರು. ಆ ಮೃತರನ್ನು ಐರಿಷ್ ದಿಬ್ಬದ ಜನರೊಂದಿಗೆ ಸಮೀಕರಿಸುವುದಕ್ಕೆ ಇನ್ನೂ ಹೆಚ್ಚಿನ ಆಧಾರ ಬೇಕಾಗಿತ್ತು.

ಎರಡನೆಯದು ಸಾಕ್ಷಿಗಳ ತಾರತಮ್ಯದ ಲೋಪ. ಗ್ರಂಥದಲ್ಲಿ ಒಬ್ಬ ಐರಿಷ್ ಅನುಭಾವಿಯ ಸಾಕ್ಷ್ಯವಿದೆ, ಹೆಸರನ್ನು ಹೇಳಿಲ್ಲ. ಪ್ರಶ್ನೆ ಉತ್ತರಗಳ ರೂಪದಲ್ಲಿ ಅದನ್ನು ವಿಸ್ತಾರವಾಗಿ ಕೊಡಲಾಗಿದೆ. ಆ ಅನುಭಾವಿ ‘ಏ.ಇ.’ ಎಂಬ ಅಂಕಿತದ ಕವಿ ಜಾರ್ಜ್ ರಸೆಲ್ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಮತ. ಗ್ರಂಥ ಅರ್ಪಿತವಾಗಿರುವುದು ಇದೇ ಏ.ಇ. ಅವರಿಗೂ ಕವಿ ಯೇಟ್ಸ್ ಅವರಿಗೂ. ರಸೆಲ್ ಥಿಯಾಸಫಿಯ ಅನುಯಾಯಿಗಳು. ಅವರು ಕಂಡ ದರ್ಶನಗಳಿಗೆ ಆ ಪಂಥದ ಗ್ರಂಥಗಳ ಬಣ್ಣ ಸಹಜವಾಗಿಯೇ ಹತ್ತಿರುತ್ತದೆ. ಡಬ್ಲಿನ್ನಿನ ಸುಶಿಕ್ಷಿತ ಅನುಭಾವಿಯ ದರ್ಶನವನ್ನೂ, ಹಟ್ಟಿಗೆ ಹೋಗುವ ದಾರಿಯಲ್ಲಿ ದಿಬ್ಬವನ್ನು ಬಳಸಿ ನಡೆಯುವ ರೈತನ ಮಾತನ್ನೂ ಒಂದೇ ನಂಬಿಕೆಯ ಎರಡು ಸಾಕ್ಷ್ಯಗಳೆಂದು ಭಾವಿಸುವುದು ಯುಕ್ತವಲ್ಲ. ಮೊದಲನೆಯವರದು ತತ್ತ್ವ, ಎರಡನೆಯವನದು ನೆರೆಹೊರೆಯ ವ್ಯವಹಾರ.

ಮೂರನೆಯದು, ಮತ್ತು ಎಲ್ಲಕ್ಕಿಂತ ಗುರುತರವಾದುದು, ನಿರ್ಣಯದ ಲೋಪ. ಗ್ರಂಥದ ಕೊನೆಯ ಭಾಗದಲ್ಲಿ ಅವರು ಅಂದಿನ ಮನಶ್ಶಾಸ್ತ್ರವನ್ನೂ ಅತೀಂದ್ರಿಯ ಸಂಶೋಧನೆಯನ್ನೂ ಆಶ್ರಯಿಸಿ, ಅದೃಶ್ಯ ಚೇತನಗಳ ಲೋಕವೊಂದು ನಿಜವಾಗಿ ಇರಬಹುದೆಂಬ ಸಿದ್ಧಾಂತಕ್ಕೆ ಬರುತ್ತಾರೆ. ಸಾಕ್ಷ್ಯವನ್ನು ಆ ತೀರ್ಮಾನದ ಕಡೆಗೆ ಸಾಗಿಸುವ ಭರದಲ್ಲಿ ನಂಬಿಕೆಯಿಂದ ಜನರ ಬಾಳಿನಲ್ಲಿ ಏನು ನಡೆಯುತ್ತಿತ್ತೆಂಬ ಪ್ರಶ್ನೆ ಹಿಂದೆ ಬೀಳುತ್ತದೆ. ದಿಬ್ಬದ ಜನ ಕೂಸನ್ನು ಒಯ್ದು ಅದರ ಸ್ಥಾನದಲ್ಲಿ ತಮ್ಮದೊಂದನ್ನು ಇಟ್ಟುಹೋಗುತ್ತಾರೆಂಬ ‘ಬದಲಿ ಕೂಸಿ’ನ ನಂಬಿಕೆಯ ಮೂಲವನ್ನು ಚರ್ಚಿಸುವಾಗ ಅಪಹರಣ, ನರಬಲಿ, ಆತ್ಮಸಂಚಾರ, ಭೂತಾವೇಶ ಎಂಬ ನಾಲ್ಕು ವಾದಗಳನ್ನು ಅವರು ತೂಗಿನೋಡುತ್ತಾರೆ. ಆದರೆ ಇತಿಹಾಸಕಾರ ಮೊದಲು ಕೇಳಬೇಕಾದುದು, ಬದಲಿಯೆಂದು ಹೆಸರಿಸಲ್ಪಟ್ಟ ಆ ಮಗುವಿಗೆ ಮುಂದೇನಾಯಿತು ಎಂಬುದನ್ನು.

ಇವಾನ್ಸ್-ವೆಂಟ್ಸ್ ಅವರ ಹೆಸರು ಭಾರತೀಯ ಓದುಗರಿಗೆ ೧೯೨೭ರಲ್ಲಿ ಅವರು ಸಂಪಾದಿಸಿ ಪ್ರಕಟಿಸಿದ ಟಿಬೆಟಿನ ಮೃತರ ಗ್ರಂಥದಿಂದ ಹೆಚ್ಚು ಪರಿಚಿತ. ಅಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಟಿಬೆಟನ್ ಭಾಷೆಯನ್ನು ಬಲ್ಲವರು ಗ್ಯಾಂಗ್ಟಾಕಿನ ಶಾಲೆಯೊಂದರ ಮುಖ್ಯೋಪಾಧ್ಯಾಯರಾಗಿದ್ದು ಬಳಿಕ ಕಲ್ಕತ್ತ ವಿಶ್ವವಿದ್ಯಾಲಯವನ್ನು ಸೇರಿದ ಕಾಜಿ ದಾವಾ ಸಂದುಪ್. ಅವರು ೧೯೨೨ರಲ್ಲಿಯೇ ತೀರಿಕೊಂಡಿದ್ದರು. ಅವರ ಅನುವಾದದ ಸುತ್ತ ಸಂಪಾದಕರು ಕಟ್ಟಿದ ವ್ಯಾಖ್ಯಾನ ಥಿಯಾಸಫಿಯದೆಂದು ಡೊನಾಲ್ಡ್ ಲೋಪೆಜ್ ಅವರು ೨೦೧೧ರ ತಮ್ಮ ಗ್ರಂಥದಲ್ಲಿ ವಿಶದಪಡಿಸಿದ್ದಾರೆ. ನಾಡು ಬದಲಾದರೂ ಕೇಳುವ ಕಿವಿ ಬದಲಾಗಲಿಲ್ಲ.

೩

ಇಷ್ಟಾಗಿ, ಈ ದೋಷವನ್ನು ಒಬ್ಬರ ಮೇಲೆಯೇ ಹೊರಿಸುವುದು ಅನ್ಯಾಯ. ದಿಬ್ಬದ ಜನರ ವಿಷಯವಾಗಿ ಬರೆದವರೆಲ್ಲರಿಗೂ ತಮ್ಮದೊಂದು ಪ್ರಯೋಜನವಿತ್ತು. ಸ್ಕಾಟ್ಲೆಂಡಿನ ಆಬರ್‌ಫಾಯ್ಲ್ ಊರಿನ ಪಾದ್ರಿ ರಾಬರ್ಟ್ ಕರ್ಕ್ ಅವರು ೧೬೯೧-೯೨ರಲ್ಲಿ ದಿಬ್ಬದ ಜನರ ‘ಗುಪ್ತ ರಾಜ್ಯ’ವನ್ನು ಕುರಿತು ಬರೆದರು. ಕರ್ಕ್ ಗೇಲಿಕ್ ಭಾಷೆಯನ್ನು ಚೆನ್ನಾಗಿ ಬಲ್ಲವರು. ರೋಮನ್ ಲಿಪಿಯಲ್ಲಿ ೧೬೯೦ರಲ್ಲಿ ಅಚ್ಚಾದ ಐರಿಷ್ ಬೈಬಲ್ಲಿನ ಕೆಲಸವನ್ನು ನೋಡಿಕೊಂಡವರು. ಹೀಗಿದ್ದೂ ಅವರ ಬರಹ ಕೇವಲ ವರದಿಯಲ್ಲ. ಅಂದು ಲಂಡನ್ನಿನಲ್ಲಿ ನಾಸ್ತಿಕವಾದ ಹಬ್ಬುತ್ತಿದೆಯೆಂಬ ಭೀತಿ ಧರ್ಮಶ್ರದ್ಧರಲ್ಲಿತ್ತು. ಮಲೆನಾಡಿನ ದೃಷ್ಟಾರರು ಅದೃಶ್ಯ ಜೀವಿಗಳನ್ನು ಕಾಣುತ್ತಾರೆಂದಾದರೆ ಆತ್ಮಲೋಕವೇ ಇಲ್ಲವೆನ್ನುವವರ ಬಾಯಿ ಮುಚ್ಚುತ್ತದೆಂಬುದು ಅವರ ತರ್ಕ. ಸುಪ್ರಸಿದ್ಧ ವಿಜ್ಞಾನಿ ರಾಬರ್ಟ್ ಬಾಯ್ಲ್ ಅವರೂ ೧೬೭೮ರಲ್ಲಿ ಒಬ್ಬ ಸ್ಕಾಟಿಷ್ ಗಣ್ಯರಿಂದ ಈ ದೂರದೃಷ್ಟಿಯ ವಿಚಾರ ಕೇಳಿ ಬರೆದುಕೊಂಡಿದ್ದರು. ಇಂದು ನಂಬಿಕೆಗೂ ವಿಜ್ಞಾನಕ್ಕೂ ವಿರೋಧವೆಂದು ತಿಳಿಯುವ ನಮಗೆ ಇದು ವಿಚಿತ್ರವೆನಿಸಬಹುದು. ಅಂದು ದಿಬ್ಬದ ಜನ ಧರ್ಮದ ಪರವಾಗಿ, ವಿಜ್ಞಾನದ ಸಮ್ಮುಖದಲ್ಲಿ ಕರೆಯಲ್ಪಟ್ಟ ಸಾಕ್ಷಿಗಳಾಗಿದ್ದರು.

ಸಂಗ್ರಾಹಕರ ಪ್ರಯೋಜನ ಇನ್ನೂ ಕೆಳಮಟ್ಟಕ್ಕಿಳಿದ ಉದಾಹರಣೆಯೂ ಇದೆ. ೧೮೯೦ರ ದಶಕದಲ್ಲಿ ಲಂಡನ್ನಿನ ಅತೀಂದ್ರಿಯ ಸಂಶೋಧನಾ ಸಂಘ ಸ್ಕಾಟ್ಲೆಂಡಿನ ದೂರದೃಷ್ಟಿಯ ವಿಚಾರಣೆಯನ್ನು ಕೈಗೊಂಡಿತು. ಆ ಕಾರ್ಯಕ್ಕೆ ಹೋದ ಆಡಾ ಗುಡ್‌ರಿಚ್ ಫ್ರೀರ್ ಅವರಿಗೆ ಗೇಲಿಕ್ ಭಾಷೆಯ ಪರಿಚಯವಿರಲಿಲ್ಲ. ಎರಿಸ್ಕೇ ದ್ವೀಪದ ಪಾದ್ರಿ ಅಲನ್ ಮ್ಯಾಕ್‌ಡೊನಾಲ್ಡ್ ಅವರು ತಮ್ಮ ಜನರಿಂದ ವರ್ಷಗಟ್ಟಲೆ ಕೇಳಿ ಬರೆದಿಟ್ಟಿದ್ದ ಟಿಪ್ಪಣಿಗಳನ್ನು ಅವರು ಯಥೇಚ್ಛವಾಗಿ ಬಳಸಿಕೊಂಡು, ತಮ್ಮ ಸಂಶೋಧನೆಯೆಂಬಂತೆ ಪ್ರಕಟಿಸಿದರು. ಈ ಸಂಗತಿಯನ್ನು ಜಾನ್ ಲೋರ್ನ್ ಕ್ಯಾಂಪ್‌ಬೆಲ್ ಮತ್ತು ಟ್ರೆವರ್ ಹಾಲ್ ಅವರು ೧೯೬೮ರಲ್ಲಿ ಮೂಲ ಟಿಪ್ಪಣಿಗಳೊಂದಿಗೆ ಹೋಲಿಸಿ ಬಯಲಿಗೆ ತಂದರು. ಇವಾನ್ಸ್-ವೆಂಟ್ಸ್ ಅವರ ಗ್ರಂಥಕ್ಕೆ ಪೀಠಿಕೆ ಬರೆದ ಕಾರ್ಮೈಕೇಲ್ ಅವರ ‘ಕಾರ್ಮಿನ ಗದೇಲಿಕ’ ಸಂಗ್ರಹದ (೧೯೦೦) ವಿಷಯದಲ್ಲಿಯೂ ವಿವಾದ ಎದ್ದಿತು. ಮಂತ್ರ, ಹರಕೆ, ಪ್ರಾರ್ಥನೆಗಳ ಪಾಠಗಳನ್ನು ಅವರು ಎಷ್ಟರಮಟ್ಟಿಗೆ ತಿದ್ದಿ ಅಂದಗೊಳಿಸಿದರೆಂಬ ಚರ್ಚೆ ೧೯೭೦ರ ದಶಕದಲ್ಲಿ ತೀವ್ರವಾಯಿತು. ಬಳಿಕ ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿರುವ ಅವರ ಕ್ಷೇತ್ರಪುಸ್ತಕಗಳನ್ನು ಪರಿಶೀಲಿಸುವ ಕಾರ್ಯ ನಡೆಯಿತು. ಅಚ್ಚಾದ ಪಾಠವನ್ನು ಹಸ್ತಪ್ರತಿಯೊಂದಿಗೆ ತಾಳೆನೋಡಬೇಕೆಂಬ ನಮ್ಮ ಶಾಸ್ತ್ರದ ಹಳೆಯ ನಿಯಮ ಜಾನಪದಕ್ಕೂ ಅನ್ವಯಿಸುತ್ತದೆಂಬುದಕ್ಕೆ ಇವೆರಡೇ ಸಾಕು.

ಸಂಗ್ರಾಹಕರೆಲ್ಲರೂ ಹಾಡಿದ ಒಂದು ಪಲ್ಲವಿಯನ್ನೂ ಇಲ್ಲಿ ಪರೀಕ್ಷಿಸಬೇಕು. ದಿಬ್ಬದ ಜನ ಅಜ್ಜನ ಕಾಲದಲ್ಲಿದ್ದರು, ಈಗ ಹೊರಟುಹೋದರು ಎಂಬ ಮಾತು ಎಲ್ಲ ಸಂಗ್ರಹಗಳಲ್ಲಿಯೂ ಮರುಕೊಳಿಸುತ್ತದೆ. ಇದನ್ನು ಕೇಳಿ ನಂಬಿಕೆ ಈಗತಾನೆ ಕೊನೆಯುಸಿರೆಳೆಯುತ್ತಿದೆಯೆಂದು ವಿದ್ವಾಂಸರು ಅವಸರಪಟ್ಟಿದ್ದಾರೆ. ಆದರೆ ೧೪ನೆಯ ಶತಮಾನದ ಕೊನೆಯಲ್ಲಿಯೇ ಇಂಗ್ಲೆಂಡಿನ ಕವಿ ಚಾಸರ್ ತನ್ನ ಬಾತ್ ಊರಿನ ಹೆಂಗಸಿನ ಬಾಯಿಂದ, ಆರ್ಥರ್ ದೊರೆಯ ಕಾಲದಲ್ಲಿ ಎಲ್ಲೆಲ್ಲಿಯೂ ಇದ್ದ ಇಂತಹ ಜೀವಿಗಳು ಈಗ ಕಾಣಿಸುವುದಿಲ್ಲವೆಂದು ಹೇಳಿಸಿದ್ದಾನೆ. ಐದು ನೂರು ವರ್ಷಗಳುದ್ದಕ್ಕೂ ಈಗತಾನೆ ಹೊರಟುಹೋದವರೆಂದರೆ, ಆ ಹೊರಟುಹೋಗುವಿಕೆ ಕಾಲಗಣನೆಯ ಆಧಾರವಾಗಲಾರದು. ಅದು ಕಥೆಯ ಒಂದು ಅಂಗ. ಹೇಳುವವನು ನಂಬಿಕೆಯನ್ನು ಅಜ್ಜನಿಗೆ ಒಪ್ಪಿಸಿ, ತಾನು ಅದರ ಹೊಣೆಯಿಂದ ಪಾರಾಗುತ್ತಾನೆ. ನಂಬಿದೆನೆಂದೂ ಹೇಳದೆ, ನಂಬಲಿಲ್ಲವೆಂದೂ ಹೇಳದೆ ಮಾತನ್ನು ತೂಗುಯ್ಯಾಲೆಯಲ್ಲಿಡುವ ಈ ಜಾಣ್ಮೆಯನ್ನು ಗುರುತಿಸದವರು ಸಾಕ್ಷಿಯನ್ನು ತನಗಿಂತ ಮುಗ್ಧನನ್ನಾಗಿ ಮಾಡುತ್ತಾರೆ.

೪

ಸಾಕ್ಷ್ಯವನ್ನು ಸಡಿಲವಾಗಿ ಓದಿದರೆ ಆಗುವ ಹಾನಿ ಪಂಡಿತರ ವಾದಕ್ಕೆ ಮಾತ್ರ ಸೀಮಿತವೆ? ಅಲ್ಲವೆಂಬುದಕ್ಕೆ ಇವಾನ್ಸ್-ವೆಂಟ್ಸ್ ಅವರು ಕ್ಷೇತ್ರಕಾರ್ಯಕ್ಕೆ ತೊಡಗುವ ಮೊದಲೇ ಐರ್ಲೆಂಡಿನಲ್ಲಿ ನಡೆದುಹೋಗಿದ್ದ ಒಂದು ಘಟನೆ ನಿದರ್ಶನ. ಟಿಪ್ಪೆರರಿ ಪ್ರಾಂತದ ಬ್ಯಾಲಿವಾಡ್ಲೀ ಎಂಬ ಹಳ್ಳಿಯಲ್ಲಿ ೧೮೯೫ರ ಮಾರ್ಚ್ ೧೫ರ ರಾತ್ರಿ ಬ್ರಿಜೆಟ್ ಕ್ಲಿಯರಿ ಎಂಬ ಇಪ್ಪತ್ತಾರರ ಪ್ರಾಯದ ಗೃಹಿಣಿ ತನ್ನ ಮನೆಯ ಒಲೆಯ ಬಳಿಯಲ್ಲಿಯೇ ಬೆಂಕಿಗೆ ಬಲಿಯಾದಳು. ಆಕೆ ಉಡುಪು ಹೊಲಿಯುವವಳು, ಹೊಲಿಗೆಯಂತ್ರವಿಟ್ಟುಕೊಂಡು, ಕೋಳಿ ಸಾಕಿ ಮೊಟ್ಟೆ ಮಾರಿ ಸ್ವಂತ ಸಂಪಾದನೆಯಿದ್ದವಳು, ಮಕ್ಕಳಿರಲಿಲ್ಲ. ಗಂಡ ಮೈಕೇಲ್ ಮರದ ಪೀಪಾಯಿಗಳನ್ನು ಮಾಡುವ ಕಸಬಿನವನು. ಆ ತಿಂಗಳ ಮೊದಲಲ್ಲಿ ಆಕೆ ಜ್ವರದಿಂದ ಮಲಗಿದಳು. ಹಳೆಯ ಕಥೆಗಳನ್ನು ಬಲ್ಲ ನೆಂಟನೊಬ್ಬ ಇವಳು ಬ್ರಿಜೆಟ್ ಅಲ್ಲವೆಂದನು. ವೈದ್ಯರೂ ಬಂದರು, ಪಾದ್ರಿಯೂ ಬಂದರು. ಜೊತೆಗೆ ನಾಟಿವೈದ್ಯನ ಸೊಪ್ಪೂ ಬಂತು. ಮಾರ್ಚ್ ೧೪ರ ರಾತ್ರಿ ತಂದೆ, ದಾಯಾದಿಗಳು, ನೆರೆಯವರು ಕೂಡಿ ಹಾಲಿನಲ್ಲಿ ಕುದಿಸಿದ ಸೊಪ್ಪನ್ನು ಬಲವಂತವಾಗಿ ಕುಡಿಸಿ, ಒಲೆಯ ಬಳಿಗೆ ಹಿಡಿದು, ನೀನು ಮೈಕೇಲನ ಹೆಂಡತಿ ಹೌದೋ ಅಲ್ಲವೋ ಎಂದು ದೇವರ ಹೆಸರಿನಲ್ಲಿ ಮತ್ತೆ ಮತ್ತೆ ಕೇಳಿದರು. ಮರುರಾತ್ರಿ ಗಂಡ ದೀಪದೆಣ್ಣೆ ಸುರಿದನು. ಬಳಿಕ ಅವನು, ನಿಜವಾದ ಬ್ರಿಜೆಟ್ ಬಿಳಿಯ ಕುದುರೆಯೇರಿ ಬರುತ್ತಾಳೆಂದು ಕೈಲ್‌ನಗ್ರಾನಾ ದಿಬ್ಬದ ಬಳಿ ರಾತ್ರಿಗಳನ್ನು ಕಳೆದನು. ಮಾರ್ಚ್ ೨೨ರಂದು ಆಳವಿಲ್ಲದ ಒಂದು ಗುಂಡಿಯಲ್ಲಿ ಶವ ಸಿಕ್ಕಿತು. ಜುಲೈಯಲ್ಲಿ ವಿಚಾರಣೆ ನಡೆದು ಮೈಕೇಲನಿಗೆ ನರಹತ್ಯೆಗಾಗಿ ೨೦ ವರ್ಷಗಳ ಕಠಿಣ ಶಿಕ್ಷೆಯಾಯಿತು, ೧೯೧೦ರಲ್ಲಿ ಬಿಡುಗಡೆಯಾದನು.

ಇದನ್ನು ಅಂದಿನವರು ಓದಿದ ಬಗೆಯನ್ನು ಗಮನಿಸಬೇಕು. ಐರ್ಲೆಂಡಿಗೆ ಸ್ವಯಮಾಡಳಿತ ಕೊಡಬಾರದೆನ್ನುವ ಪಕ್ಷದವರಿಗೆ ಇದು ಆ ಜನ ಇನ್ನೂ ಕತ್ತಲೆಯಲ್ಲಿದ್ದಾರೆಂಬುದಕ್ಕೆ ಸಿಕ್ಕ ಆಯುಧ. ಇನ್ನೊಂದು ಕಡೆ, ಇದಕ್ಕೆ ಎರಡೇ ವರ್ಷಗಳ ಹಿಂದೆ ಯೇಟ್ಸ್ ಅವರ ‘ದಿ ಕೆಲ್ಟಿಕ್ ಟ್ವೈಲೈಟ್’ ಪ್ರಕಟವಾಗಿತ್ತು. ದಿಬ್ಬದ ಜನರಲ್ಲಿ ರಾಷ್ಟ್ರದ ಆತ್ಮವನ್ನು ಕಾಣುವ ಸಾಹಿತ್ಯಕ್ಕೆ ಟಿಪ್ಪೆರರಿಯ ಒಲೆಯಲ್ಲಿ ಸ್ಥಳವಿರಲಿಲ್ಲ. ಒಂದು ಓದಿನಲ್ಲಿ ನಂಬಿಕೆ ಅಜ್ಞಾನ, ಮತ್ತೊಂದರಲ್ಲಿ ಕಾವ್ಯ. ಎರಡರಲ್ಲಿಯೂ ಹೊಲಿಗೆಯಂತ್ರದ ಒಡತಿ ಕಾಣೆಯಾಗಿದ್ದಾಳೆ.

ಆಕೆಯನ್ನು ಇತಿಹಾಸಕ್ಕೆ ಮರಳಿ ತಂದವರು ಐರಿಷ್ ವಿದುಷಿ ಆಂಜೆಲಾ ಬುರ್ಕ್. ೧೯೯೯ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ನ್ಯಾಯಾಲಯದ ಹೇಳಿಕೆಗಳು, ಪತ್ರಿಕಾವರದಿಗಳು, ಜನಪದ ಐತಿಹ್ಯಗಳು ಒಂದರ ಪಕ್ಕದಲ್ಲಿ ಒಂದು ನಿಂತು ಪರಸ್ಪರ ಪಾಟೀಸವಾಲು ನಡೆಸುತ್ತವೆ. ಬುರ್ಕ್ ಅವರ ಅಧ್ಯಯನದಿಂದ ತಿಳಿಯುವುದೇನೆಂದರೆ, ದಿಬ್ಬದ ಜನರ ಕಥೆಗಳು ಆ ಸಮಾಜಕ್ಕೆ ಒಂದು ಬಗೆಯ ಭಾಷೆಯಾಗಿದ್ದವು. ನೇರವಾಗಿ ಹೇಳಲಾಗದ ರೋಗ, ಬಂಜೆತನ, ದಾಂಪತ್ಯದ ವಿರಸ, ನೆರೆಹೊರೆಯ ಅಸೂಯೆಗಳನ್ನು ಆ ಭಾಷೆಯಲ್ಲಿ ಹೇಳಬಹುದಾಗಿತ್ತು. ಹೆಂಡತಿಯನ್ನು ದಿಬ್ಬದವರು ಒಯ್ದರು, ಗಂಡ ದಾರಿಯಲ್ಲಿ ಕಾದು ಮರಳಿ ಪಡೆದ ಎಂಬ ಐತಿಹ್ಯ ಐರ್ಲೆಂಡಿನಲ್ಲಿ ಸರ್ವವಿದಿತ. ಅನೇಕ ಕಥೆಗಳಲ್ಲಿ ಬೆಂಕಿಯ ಬೆದರಿಕೆಯೊಂದೇ ಸಾಕಾಗಿ, ಬದಲಿಯಾಗಿ ಬಂದುದು ಓಡಿಹೋಗುತ್ತದೆ. ಅಂತಹ ಕಥೆಯನ್ನು ಕಥೆಯಾಗಿಡುವ ವಿವೇಕ ಆ ಮನೆಯಲ್ಲಿ ಆ ರಾತ್ರಿ ಕುಸಿದುಬಿತ್ತು. ಏಕೆ ಕುಸಿಯಿತೆಂಬುದು ಆ ದಂಪತಿಗಳ ಬಾಳನ್ನು, ಆ ಊರನ್ನು, ಆ ದಿನಗಳನ್ನು ನೋಡಿಯೇ ತಿಳಿಯಬೇಕಾದ ವಿಷಯ. ‘ಕೆಲ್ಟಿಕ್ ಮನಸ್ಸು’ ಎಂಬ ಸಾಮಾನ್ಯ ಕಲ್ಪನೆಯಿಂದ ಅದು ತಿಳಿಯುವುದಿಲ್ಲ.

ಕೂಸುಗಳ ವಿಷಯದಲ್ಲಿ ದಾಖಲೆ ಇನ್ನೂ ಹಿಂದಕ್ಕೆ ಹೋಗುತ್ತದೆ. ೧೮೨೬ರಲ್ಲಿ ಕೆರ್ರಿ ಪ್ರಾಂತದ ಟ್ರಲೀ ನ್ಯಾಯಾಲಯದಲ್ಲಿ ಒಬ್ಬ ಮುದುಕಿಯ ವಿಚಾರಣೆ ನಡೆಯಿತು. ನಡೆಯಲಾರದ, ಮಾತನಾಡಲಾರದ ಹುಡುಗನೊಬ್ಬನಿಂದ ‘ದಿಬ್ಬದ್ದನ್ನು’ ಬಿಡಿಸಲೆಂದು ಫ್ಲೆಸ್ಕ್ ನದಿಯಲ್ಲಿ ಮುಳುಗಿಸಿದಾಗ ಅವನು ಸತ್ತಿದ್ದನು. ಕೊಲ್ಲುವ ಉದ್ದೇಶವಿರಲಿಲ್ಲವೆಂದು ಆಕೆ ಬಿಡುಗಡೆ ಹೊಂದಿದಳು. ಬದಲಿ ಕೂಸಿನ ವರ್ಣನೆಗಳಲ್ಲಿ ಅನೇಕವು ಹುಟ್ಟಿನಿಂದ ಬರುವ ಅಂಗವೈಕಲ್ಯ, ಬೆಳವಣಿಗೆಯ ದೋಷಗಳ ಲಕ್ಷಣಗಳಿಗೆ ಹೊಂದುತ್ತವೆಂದು ೧೯೮೮ರಲ್ಲಿ ಸೂಸನ್ ಎಬರ್ಲಿ ತೋರಿಸಿದ್ದಾರೆ. ಮೂಲವೇನೆಂಬ ನಾಲ್ಕು ವಾದಗಳಲ್ಲಿ ಯಾವುದು ಗೆದ್ದರೂ ಆ ಹುಡುಗನ ವಿಷಯದಲ್ಲಿ ಅವು ಮೌನವಾಗಿಯೇ ಇರುತ್ತವೆ.

೫

ಹಾಗಾದರೆ ಸಾಕ್ಷ್ಯವನ್ನು ಸಂಗ್ರಹಿಸುವ ಉತ್ತಮ ಕ್ರಮ ಯಾವುದು? ೧೯೩೫ರಲ್ಲಿ ಸ್ಥಾಪಿತವಾದ ಐರಿಷ್ ಜಾನಪದ ಆಯೋಗದ ಕಾರ್ಯ ಇದಕ್ಕೆ ಬಹುಮಟ್ಟಿನ ಉತ್ತರವೆನ್ನಬಹುದು. ನಿರ್ದೇಶಕರಾಗಿದ್ದ ಶೇಮಸ್ ಓ ಡುಯಿಲಾರ್ಗ ಅವರು ಆಯಾ ಪ್ರದೇಶದವರನ್ನೇ, ಆ ಭಾಷೆಯನ್ನು ತಾಯ್ನುಡಿಯಂತೆ ಬಲ್ಲವರನ್ನೇ ಸಂಗ್ರಾಹಕರನ್ನಾಗಿ ನೇಮಿಸಿದರು. ಅವರು ಎಡಿಫೋನ್ ಯಂತ್ರದ ಮೇಣದ ಉರುಳೆಗಳಲ್ಲಿ ಮಾತನ್ನು ಹಿಡಿದು, ಹೇಳಿದವನ ಪದಗಳನ್ನು ಬದಲಾಯಿಸದೆ ಅಕ್ಷರಶಃ ಬರೆದುಕೊಳ್ಳಬೇಕಾಗಿತ್ತು. ಹೇಳಿದವನ ಹೆಸರು, ವಯಸ್ಸು, ಊರು, ಆ ಕಥೆಯನ್ನು ಯಾರಿಂದ ಕೇಳಿದನೆಂಬುದನ್ನು ನಮೂದಿಸಿ, ತಾವೂ ದಿನಚರಿ ಇಡಬೇಕಾಗಿತ್ತು. ಭಂಡಾರಿಗಳಾಗಿದ್ದ ಶಾನ್ ಓ ಸೂಲಿವಾನ್ ಅವರು ೧೯೪೨ರಲ್ಲಿ ಪ್ರಶ್ನಾವಳಿಯ ಕೈಪಿಡಿಯೊಂದನ್ನು ಸಿದ್ಧಪಡಿಸಿದರು. ೧೯೩೭-೩೮ರಲ್ಲಿ ಸುಮಾರು ೫,೦೦೦ ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ಮನೆಯ ಹಿರಿಯರಿಂದ ಕೇಳಿ ಬರೆದ ಪುಟಗಳೂ ಈ ಭಂಡಾರವನ್ನು ಸೇರಿದವು. ೧೯೭೧ರಿಂದ ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನ ಆಶ್ರಯದಲ್ಲಿರುವ ಈ ಸಂಗ್ರಹ ೨೦೧೭ರಲ್ಲಿ ಯುನೆಸ್ಕೊದ ‘ವಿಶ್ವಸ್ಮೃತಿ’ ದಾಖಲೆಗಳ ಪಟ್ಟಿಗೆ ಸೇರಿತು.

ಈ ಕ್ರಮದ ಮಹತ್ವ ಪುಟಗಳ ಸಂಖ್ಯೆಯಲ್ಲಿಲ್ಲ. ಒಂದು ಹೇಳಿಕೆಯನ್ನು ಹೇಳಿದವನಿಂದ ಬೇರ್ಪಡಿಸದಿರುವ ಶಿಸ್ತಿನಲ್ಲಿದೆ. ಇವಾನ್ಸ್-ವೆಂಟ್ಸ್ ಅವರಲ್ಲಿ ಹೆಸರು ಊರುಗಳಿದ್ದರೂ ಸಾಕ್ಷಿಗಳು ಸಿದ್ಧಾಂತದತ್ತ ಸಾಗುವ ಮೆರವಣಿಗೆಯ ಜನರು. ಇಲ್ಲಿ ಅವರು ಕಥನಕಾರರು. ಆದರೆ ಆಯೋಗವೂ ದೋಷರಹಿತವಲ್ಲ. ಪೂರ್ಣಕಾಲದ ಸಂಗ್ರಾಹಕರೆಲ್ಲರೂ ಪುರುಷರು. ಹೆರಿಗೆ, ಬಾಣಂತನ, ಕೂಸುಗಳ ಆರೈಕೆ ಇವುಗಳ ಸುತ್ತ ಹೆಣೆದುಕೊಂಡ ನಂಬಿಕೆಗಳಲ್ಲಿ ಪರಗಂಡಸಿನ ಎದುರಿಗೆ ಹೆಂಗಸರು ಎಷ್ಟನ್ನು ಬಿಚ್ಚಿ ಹೇಳಿದ್ದಾರು? ಐರಿಷ್ ಮಾತನಾಡುವ ಪಶ್ಚಿಮದ ಅಂಚಿಗೆ ದೊರ��ತ ಲಕ್ಷ್ಯ ಇಂಗ್ಲಿಷ್ ಮಾತಿನ ಊರುಗಳಿಗೂ ಪಟ್ಟಣದ ಕಾರ್ಮಿಕರಿಗೂ ದೊರೆಯಲಿಲ್ಲ. ಹೊಸ ರಾಷ್ಟ್ರ ತನ್ನ ಆತ್ಮವನ್ನು ಎಲ್ಲಿ ಹುಡುಕಲು ಬಯಸಿತೋ ಅಲ್ಲಿಯೇ ಯಂತ್ರವನ್ನು ಇರಿಸಿತು. ಹೀಗೆ ಪ್ರಯೋಜನವಿಲ್ಲದ ಸಂಗ್ರಹವೆಂಬುದಿಲ್ಲ. ಪ್ರಯೋಜನವನ್ನು ಬಚ್ಚಿಡದ ಸಂಗ್ರಹ ಮಾತ್ರ ಸಾಧ್ಯ.

೬

ನಂಬಿಕೆ ನಾಶವನ್ನೇ ಉಂಟುಮಾಡುತ್ತದೆಂದು ಮೇಲಿನ ಮಾತುಗಳಿಂದ ಯಾರಾದರೂ ತಿಳಿದರೆ ಅದೂ ಅರ್ಧಸತ್ಯವೇ. ಐರ್ಲೆಂಡಿನ ಹೊಲಗಳಲ್ಲಿ ದುಂಡಾದ ಮಣ್ಣಿನ ದಿಣ್ಣೆಗಳಿಂದ ಸುತ್ತುವರಿದ ೪೦,೦೦೦ಕ್ಕೂ ಹೆಚ್ಚು ಪ್ರಾಚೀನ ನಿವೇಶನಗಳು ಗುರುತಿಸಲ್ಪಟ್ಟಿವೆ. ಇವುಗಳಲ್ಲಿ ಬಹುಪಾಲು ಕ್ರಿ.ಶ. ೫೦೦ರಿಂದ ೧೦೦೦ದ ನಡುವಣ ರೈತಮನೆಗಳ ಆವರಣಗಳೆಂದು ಪುರಾತತ್ತ್ವಜ್ಞರ ನಿರ್ಣಯ. ಜನರ ದೃಷ್ಟಿಯಲ್ಲಿ ಅವು ದಿಬ್ಬದ ಜನರ ಕೋಟೆಗಳು. ಅಲ್ಲಿ ನೇಗಿಲಿಟ್ಟರೆ ಕೇಡು ತಪ್ಪದು. ಯಾವ ಸಂರಕ್ಷಣಾ ಶಾಸನವೂ ಇಲ್ಲದ ಶತಮಾನಗಳಲ್ಲಿ ಇವು ಉಳಿದುದಕ್ಕೆ ಈ ಭಯ ಒಂದು ಪ್ರಬಲ ಕಾರಣವೆಂದು ಒಪ್ಪಲಾಗಿದೆ. ೧೯೯೯ರಲ್ಲಿ ಕ್ಲೇರ್ ಪ್ರಾಂತದ ಲಾಟೂನ್ ಎಂಬಲ್ಲಿ ಹೆದ್ದಾರಿಗಾಗಿ ಕಡಿಯಬೇಕಾಗಿದ್ದ ಒಂದು ಬಿಳಿಮುಳ್ಳಿನ ಪೊದೆ ದಿಬ್ಬದ ಜನರದೆಂದು ಕಥನಕಾರ ಎಡ್ಡಿ ಲೆನಿಹನ್ ಅವರು ಪತ್ರಿಕೆಗಳ ಮೂಲಕ ಎಚ್ಚರಿಸಿದಾಗ, ಪೊದೆಯನ್ನು ಉಳಿಸಿಕೊಂಡೇ ರಸ್ತೆ ಮಾಡಲಾಯಿತು. ಅಲ್ಲಿಯ ಅಧಿಕಾರಿಗಳು ದಿಬ್ಬದ ಜನರನ್ನು ನಂಬಿದರೆ ಎಂದು ಕೇಳುವುದು ತಪ್ಪು ಪ್ರಶ್ನೆ. ನಂಬದೆಯೂ ನಡೆದುಕೊಳ್ಳುವ, ನಂಬಿಯೂ ನಡೆದುಕೊಳ್ಳದಿರುವ ಮನುಷ್ಯನೇ ಇತಿಹಾಸದ ವಿಷಯ. ದಿಬ್ಬವನ್ನು ಕಾಪಾಡಿದ ಅದೇ ಕಥಾಭಂಡಾರ ಬ್ರಿಜೆಟ್ ಕ್ಲಿಯರಿಯನ್ನು ಕಾಪಾಡಲಿಲ್ಲ. ಅಂದಮೇಲೆ ನಂಬಿಕೆ ಒಳಿತೋ ಕೆಡುಕೋ ಎಂದು ಒಟ್ಟಾರೆ ತೀರ್ಪು ಕೊಡುವುದು ಯಾವ ಪ್ರಯೋಜನಕ್ಕೂ ಬಾರದು.

ಆದುದರಿಂದ ನಮ್ಮ ನಿಲುವನ್ನು ಹೀಗೆ ಸಂಗ್ರಹಿಸಬಹುದು. ದಿಬ್ಬದ ಜನ ಇದ್ದಾರೆಯೇ ಎಂಬುದು ಇತಿಹಾಸಕಾರನ ಪ್ರಶ್ನೆಯಲ್ಲ. ಅವರ ಮೂಲ ಯಾವುದೆಂಬುದು ಅವನ ಮೊದಲ ಪ್ರಶ್ನೆಯೂ ಅಲ್ಲ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಭಾಷೆಯಲ್ಲಿ, ಯಾವ ಸಂದರ್ಭದಲ್ಲಿ ಹೇಳಿದರು, ಹೇಳಿದುದರಿಂದ ಯಾರಿಗೆ ಏನಾಯಿತು ಎಂಬ ಪ್ರಶ್ನೆಗಳೇ ಮೊದಲಿನವು. ಈ ಕ್ರಮದಲ್ಲಿ ಓದಿದಾಗ ಇವಾನ್ಸ್-ವೆಂಟ್ಸ್ ಅವರ ಗ್ರಂಥವೂ ನಿರುಪಯುಕ್ತವೇನಲ್ಲ. ಅದು ೧೯೧೧ರ ಹೊತ್ತಿನ ವಿದ್ಯಾವಂತರು ಗ್ರಾಮೀಣರ ಬಾಯಿಂದ ಏನನ್ನು ಕೇಳಲು ಹಂಬಲಿಸುತ್ತಿದ್ದರೆಂಬುದಕ್ಕೆ ಅತ್ಯುತ್ತಮ ಆಕರ. ನಮ್ಮ ತರಗತಿಗಳಲ್ಲಿ ಅದನ್ನು ಓದಿಸುವುದನ್ನು ನಾವು ನಿಲ್ಲಿಸುವುದಿಲ್ಲ. ಟಿಪ್ಪೆರರಿಯ ಆ ಹೆಂಗಸಿನ ವಿಚಾರಣೆಯ ಹೇಳಿಕೆಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿಸುತ್ತೇವೆ. ತಾನು ತಾನೇ ಹೌದೆಂದು ಆಕೆ ಆ ರಾತ್ರಿ ಉತ್ತರ ಕೊಟ್ಟಿದ್ದಳು. ಸುತ್ತ ನಿಂತವರು ತಮಗೆ ಬೇಕಾದ ಉತ್ತರಕ್ಕಾಗಿ ಕಾಯುತ್ತಿದ್ದರು. ಸಾಕ್ಷ್ಯದ ಮುಂದೆ ಕುಳಿತ ವಿದ್ವಾಂಸ ಅವರಂತೆ ಕಾಯಬಾರದೆಂಬುದಷ್ಟೇ ಈ ವಿಮರ್ಶೆಯ ತಾತ್ಪರ್ಯ.